ಕಾಗಕ್ಕನಿಗೊಂದು ದನಿ, ಗುಬ್ಬಕ್ಕನಿಗೊಂದು ದನಿ

"ಗುಬ್ಬಕ್ಕಾ ಗುಬ್ಬಕ್ಕಾ, ಬಾಗ್ಲು ತೆಗಿಯೇ!"

ಗೊಗ್ಗರು ಗಂಟಲಲ್ಲಿ ನಾನು ಹೀಗೆ ಕೂಗಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಮೂರೂವರೆ ವರ್ಷದ ಹುಡುಗಿ ನನ್ನ ಮುಖ ನೋಡಲಿಲ್ಲ. ಕತ್ತು ತಿರುಗಿಸಿ ಅಂಗನವಾಡಿಯ ಬಾಗಿಲು ನೋಡಿದಳು. ಹೊರಗೆ ಜಿಟಿಜಿಟಿ ಮಳೆ. ಸಗಣಿ ಮನೆ ಕೊಚ್ಚಿಹೋದ ಕಾಗೆ ಹೊಸಿಲಾಚೆ ನೆನೆಯುತ್ತ ನಿಂತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. "ತಾಳೇ ಕಾಗಕ್ಕಾ, ಮಗೀಗೆ ನೀರು ಹಾಕ್ತಾ ಇದೀನಿ" ಎಂದು ಕೀಚಲು ದನಿಯಲ್ಲಿ ಗುಬ್ಬಕ್ಕ ಹೇಳಿದ ಮೇಲೆಯೇ ಅವಳು ನನ್ನ ಕಡೆ ತಿರುಗಿದ್ದು. ಗುಬ್ಬಕ್ಕ ಒಳಗಿದ್ದಾಳೆ, ಅಂದರೆ ನನ್ನ ಹತ್ತಿರ.

ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ ಅದು. ತುಮಕೂರು ಜಿಲ್ಲೆಯಲ್ಲಿ ಅಂಗನವಾಡಿ, ಬೇಸಿಗೆ ಶಿಬಿರ ಎಂದು ಕಥೆ ಹೇಳಿಕೊಂಡು ತಿರುಗುವ ನನ್ನನ್ನು ಮಕ್ಕಳು 'ಕಥೆ ಅಕ್ಕ' ಅನ್ನುತ್ತಾರೆ. ಹೋದಲ್ಲೆಲ್ಲ ದೊಡ್ಡವರು ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಆ ದನಿ ನಿಮಗೆ ಹೆಂಗೆ ಬರುತ್ತೆ? ನಮಗಂತೂ ಬರಲ್ಲ." ಇನ್ನೊಂದು ಸ್ವಲ್ಪ ಅನುಮಾನದ್ದು: "ಇಂಥ ಚೇಷ್ಟೆ ದನಿಯಿಂದ ಮಕ್ಕಳ ಮಾತು ಕೆಡಲ್ವಾ?" ಎರಡೂ ಒಳ್ಳೆಯ ಪ್ರಶ್ನೆಗಳೇ. ನಿಂತ ಕಾಲಲ್ಲಿ ಉತ್ತರಿಸಿ ಮುಗಿಸುವಂಥವಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದನಿ ಹುಟ್ಟುವ ಬಗೆ. ತತ್ವಪದ ಹಾಡುವವರ ಕೈಯಲ್ಲಿನ ಏಕತಾರಿಯನ್ನು ನೆನೆಸಿಕೊಳ್ಳಿ. ಮೀಟುವುದು ತಂತಿಯನ್ನು, ಆದರೆ ಆ ನಾದಕ್ಕೆ ಬಣ್ಣ ಬರುವುದು ಬುರುಡೆಯಿಂದ. ನಮ್ಮ ಗಂಟಲೂ ಹಾಗೆಯೇ. ಧ್ವನಿಪೆಟ್ಟಿಗೆಯೊಳಗೆ ಎರಡು ಮೆತ್ತನೆಯ ಮಡಿಕೆಗಳಿವೆ, ಅವನ್ನು ಧ್ವನಿತಂತು ಎನ್ನುತ್ತೇವೆ. ಶ್ವಾಸಕೋಶದಿಂದ ಬರುವ ಗಾಳಿ ನಡುವೆ ಹಾದಾಗ ಅವು ಬಡಿದುಕೊಳ್ಳುತ್ತವೆ. ಬೆಳೆದ ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸಿನಲ್ಲಿ 200ರ ಆಸುಪಾಸು, ಅಂಗನವಾಡಿ ವಯಸ್ಸಿನ ಮಗುವಿನಲ್ಲಿ 300ರ ಹತ್ತಿರ. ಗಂಟಲ ಮೇಲೆ ಬೆರಳಿಟ್ಟು 'ಸ್ಸ್ಸ್' ಎನ್ನಿ, ಏನೂ ಅಲುಗಾಡುವುದಿಲ್ಲ. 'ಮ್ಮ್ಮ್' ಎನ್ನಿ, ಬೆರಳ ತುದಿಯಲ್ಲಿ ದುಂಬಿ ಗುಂಯ್‌ಗುಟ್ಟುತ್ತದೆ. ಅದೇ ತಂತಿ.

ಬುರುಡೆ ಎಂದರೆ ಗಂಟಲ ಮೇಲಿನ ಭಾಗ, ಬಾಯಿ, ಮೂಗು. ಧ್ವನಿತಂತುವಿನಿಂದ ತುಟಿಯವರೆಗೆ ಈ ಕೊಳವೆ ಗಂಡಸರಲ್ಲಿ ಸುಮಾರು 17 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಒಂದೆರಡು ಸೆಂಟಿಮೀಟರ್ ಕಡಿಮೆ, ಮಕ್ಕಳಲ್ಲಿ ಇನ್ನೂ ಚಿಕ್ಕದು. ಕೊಳವೆ ಉದ್ದವಾದಷ್ಟೂ ದನಿ ದೊಡ್ಡ ಜೀವದ್ದು ಅನ್ನಿಸುತ್ತದೆ, ಗಿಡ್ಡವಾದಷ್ಟೂ ಪುಟ್ಟ ಜೀವದ್ದು.

"ನಮಗೆ ಬರಲ್ಲ" ಎನ್ನುವವರೆಲ್ಲ ಬರೀ ತಂತಿಯ ಮೇಲೆ ಜೋರು ಮಾಡುತ್ತಾರೆ. ಇಲಿ ಬಂದರೆ ಗಂಟಲು ಹಿಂಡಿ ಕಿರುಚುತ್ತಾರೆ, ರಾಕ್ಷಸ ಬಂದರೆ ಗಂಟಲು ಕೆರೆದು ಗರ್ಜಿಸುತ್ತಾರೆ. ಐದು ನಿಮಿಷಕ್ಕೆ ಕೆಮ್ಮು. ಮಾಡಬೇಕಾದ್ದು ಬುರುಡೆಯ ಆಕಾರ ಬದಲಾಯಿಸುವುದು. ನಕ್ಕ ಹಾಗೆ ತುಟಿಗಳನ್ನು ಎರಡೂ ಕಡೆ ಎಳೆದು, ನಾಲಿಗೆಯನ್ನು ಮುಂದಕ್ಕೆ ತಂದು "ತಾಳೇ ಕಾಗಕ್ಕಾ" ಎಂದು ಹೇಳಿ ನೋಡಿ. ಶ್ರುತಿ ಸ್ವಲ್ಪವೇ ಏರಿದ್ದರೂ ದನಿ ಪುಟ್ಟದಾಗಿರುತ್ತದೆ, ಏಕೆಂದರೆ ತುಟಿ ಹಿಂದಕ್ಕೆ ಸರಿದು ಕೊಳವೆ ಗಿಡ್ಡವಾಯಿತು. ಈಗ ಆಕಳಿಕೆ ಶುರುವಾಗುವ ಗಳಿಗೆಯನ್ನು ಹಿಡಿಯಿರಿ. ಧ್ವನಿಪೆಟ್ಟಿಗೆ ಕೆಳಗಿಳಿಯುತ್ತದೆ, ಗಂಟಲ ಹಿಂಭಾಗ ತೆರೆದುಕೊಳ್ಳುತ್ತದೆ. ಅದೇ ಸ್ಥಿತಿಯಲ್ಲಿ ತುಟಿಯನ್ನು ಮುಂದಕ್ಕೆ ಚಾಚಿ ನಿಧಾನವಾಗಿ "ಯಾರದೂ..." ಎನ್ನಿ. ಕರಡಿ ಬಂತು. ಗಂಟಲಿಗೆ ಒಂದಿಷ್ಟೂ ನೋವಿಲ್ಲ.

ಮೂಗಿನ ದನಿಗೆ ಬೇರೆಯದೇ ಬಾಗಿಲು. ಅಂಗುಳಿನ ಹಿಂದಿನ ಮೆದು ಭಾಗ ಮೇಲೆದ್ದರೆ ಗಾಳಿ ಬಾಯಿಂದ ಮಾತ್ರ ಹೋಗುತ್ತದೆ, ಇಳಿಬಿದ್ದರೆ ಮೂಗಿಗೂ ದಾರಿ. ಮೂಗು ಹಿಡಿದುಕೊಂಡು 'ಆ' ಎನ್ನಿ, ಏನೂ ವ್ಯತ್ಯಾಸವಿಲ್ಲ. 'ಅಮ್ಮ' ಎನ್ನಿ, ನಡುವೆ ಸಿಕ್ಕಿಕೊಳ್ಳುತ್ತದೆ. ವರ್ಗದ ಕೊನೆಯ ಅಕ್ಷರಗಳಾದ ಙ ಞ ಣ ನ ಮಗಳನ್ನು ಅನುನಾಸಿಕ ಎಂದು ನಮ್ಮ ವ್ಯಾಕರಣಕಾರರು ಬೇರೆಯಾಗಿಟ್ಟದ್ದು ಈ ಬಾಗಿಲಿನ ಲೆಕ್ಕದಲ್ಲೇ. ಎಲ್ಲ ಅಕ್ಷರಕ್ಕೂ ಆ ಬಾಗಿಲನ್ನು ಅರ್ಧ ತೆರೆದಿಟ್ಟು ಮಾತಾಡಿದರೆ ಕಥೆಯ ನರಿ ಸಿದ್ಧ. ಇದನ್ನು ತಾಯಂದಿರ ಸಭೆಯಲ್ಲಿ ಮಾಡಿಸಿದಾಗ ಎಲ್ಲರೂ ಮೂಗು ಹಿಡಿದುಕೊಂಡು ಅಮ್ಮ ಅಮ್ಮ ಎಂದು ನಗುತ್ತ ಕೂತಿದ್ದರು. ಅವತ್ತು ಯಾರೂ "ನಮಗೆ ಬರಲ್ಲ" ಅನ್ನಲಿಲ್ಲ.

ತೊಗಲುಗೊಂಬೆ ಆಡಿಸುವವರಿಗೆ ಇದೆಲ್ಲ ಯಾರೂ ಪುಸ್ತಕದಲ್ಲಿ ಹೇಳಿಕೊಟ್ಟದ್ದಲ್ಲ. ಪರದೆಯ ಹಿಂದೆ ಒಬ್ಬರೋ ಇಬ್ಬರೋ ಕೂತು ರಾಮ, ರಾವಣ, ಮಂಥರೆ ಎಲ್ಲರಿಗೂ ದನಿ ಕೊಡುತ್ತಾರೆ, ಹೆಣ್ಣು ಪಾತ್ರಗಳಿಗೆ ಮನೆಯ ಹೆಂಗಸರದೇ ಕಂಠ. ನಡುವೆ ನಗಿಸಲು ಕಿಳ್ಳೇಕ್ಯಾತ, ಬಂಗಾರಕ್ಕ ಬರುತ್ತಾರೆ. ಗೊಂಬೆಗೆ ಮುಖಭಾವ ಬದಲಾಯಿಸಲು ಆಗದು, ಆದ್ದರಿಂದ ಭಾವವೆಲ್ಲ ದನಿಯಲ್ಲೇ ಬರಬೇಕು. ರಾಜಸ್ಥಾನದ ಸೂತ್ರದ ಗೊಂಬೆಯವರು ಬಾಯಲ್ಲೊಂದು ಪುಟ್ಟ ಪೀಪಿ ಇಟ್ಟುಕೊಂಡು ಗೊಂಬೆಗೆ ಕೀಚಲು ದನಿ ಹೊರಡಿಸುತ್ತಾರೆ. ನಮ್ಮ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಮುಂದೆ ನಾಡಿಗೆಲ್ಲ ಹೆಸರಾಗಿಸಿದ ಗುಬ್ಬಿ ವೀರಣ್ಣನವರು ಮೊದಲಿಗೆ ಹಾಸ್ಯನಟರು. ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಪಾತ್ರ ಯಾವುದೆಂದು ತಿಳಿಯಬೇಕಿತ್ತು. ಅಂಗನವಾಡಿಯಲ್ಲಿ ನನ್ನ ಮುಂದಿರುವ ಕೊನೆಯ ಸಾಲು ಬರೀ ಹತ್ತು ಅಡಿ ದೂರ, ಆದರೆ ಅಡುಗೆ ಕೋಣೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಶೀಟಿನ ಮೇಲೆ ಮಳೆ ಬಡಿಯುತ್ತಿರುತ್ತದೆ. ಗದ್ದಲದ ನಡುವೆ ಮಾತನ್ನು ಹೆಕ್ಕಿಕೊಳ್ಳುವುದು ದೊಡ್ಡವರಿಗಿಂತ ಚಿಕ್ಕ ಮಕ್ಕಳಿಗೆ ಬಹಳ ಕಷ್ಟ. "ಎಂದು ಕಾಗೆ ಹೇಳಿತು", "ಎಂದು ಗುಬ್ಬಿ ಹೇಳಿತು" ಎಂಬ ಮಾತು ಕಿವಿತಪ್ಪಿ ಹೋದರೂ ದನಿ ಬೇರೆಯಾಗಿದ್ದರೆ ಯಾರು ಮಾತಾಡಿದ್ದೆಂದು ಮಗುವಿಗೆ ತಿಳಿಯುತ್ತದೆ. ನನ್ನ ಮಟ್ಟಿಗೆ ತಮಾಷೆ ದನಿಯ ಮೊದಲ ಕೆಲಸ ಇದು. ನಗು ಆಮೇಲಿನದು.

ಇಲಿಗೆ ಸಣ್ಣ ದನಿ, ಆನೆಗೆ ದಪ್ಪ ದನಿ ಎಂದು ಮಗುವಿಗೆ ಯಾರು ಹೇಳಿಕೊಟ್ಟರು? ಪ್ರಾಣಿಗಳ ಕೂಗನ್ನು ಅಭ್ಯಾಸ ಮಾಡಿದ ಯೂಜೀನ್ ಮಾರ್ಟನ್ 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ಹಕ್ಕಿಗಳು, ಸಸ್ತನಿಗಳು ಸಿಟ್ಟಿನಲ್ಲಿದ್ದಾಗ ತಗ್ಗಿದ ಒರಟು ದನಿ ಹೊರಡಿಸುತ್ತವೆ, ಹೆದರಿದಾಗ ಅಥವಾ ಸ್ನೇಹಕ್ಕೆ ಬಂದಾಗ ಎತ್ತರದ ನಯವಾದ ದನಿ. ದೊಡ್ಡ ಮೈಯಿಂದ ತಗ್ಗಿದ ದನಿ ಬರುವುದು ಸಹಜವಾದ್ದರಿಂದ 'ನಾನು ದೊಡ್ಡವನು' ಎಂದು ತೋರಿಸಿಕೊಳ್ಳುವುದಕ್ಕೂ ಅದೇ ದನಿ. ಭಾಷಾವಿಜ್ಞಾನಿ ಜಾನ್ ಓಹಾಲ 1984ರಲ್ಲಿ ಇದನ್ನು ಮನುಷ್ಯರ ಮಾತಿಗೂ ವಿಸ್ತರಿಸಿದರು. ಬೀದಿ ನಾಯಿಯ ಗುರ್ರ್‌ಗೂ ಅದರ ಮರಿಯ ಕುಂಯ್‌ಗೂ ಇರುವ ವ್ಯತ್ಯಾಸ ನೆನೆದರೆ ಸಾಕು.

ಕನ್ನಡದ ಅನುಕರಣ ಪದಗಳಲ್ಲಿ ಈ ಲೆಕ್ಕ ಕಿವಿಗೆ ಹೊಡೆಯುವಷ್ಟು ಸ್ಪಷ್ಟ. ಚಿಲಿಪಿಲಿ, ಕಿಣಿಕಿಣಿ, ಪಿಳಿಪಿಳಿ ಎಲ್ಲ ಪುಟ್ಟ ಸಂಗತಿಗಳು. ಧಡಧಡ, ಗುಡುಗುಡು, ಢಣಢಣ ಎಲ್ಲ ಭಾರದವು. 'ಇ' ಎನ್ನಲು ತುಟಿ ಹಿಗ್ಗಿ ನಾಲಿಗೆ ಮುಂದೆ ಬರಬೇಕು, ಅಂದರೆ ಗುಬ್ಬಕ್ಕನ ಬಾಯಿ. 'ಉ' ಎನ್ನಲು ತುಟಿ ದುಂಡಗೆ ಮುಂದೆ ಚಾಚಬೇಕು, ಅಂದರೆ ಕರಡಿಯ ಬಾಯಿ. (ಚಿಕ್ಕ, ಕಿರು ಎಂಬಲ್ಲಿ ಹೊಂದುವ ಈ ಮಾತು 'ಹಿರಿ' ಎಂಬಲ್ಲಿ ಹೊಂದುವುದಿಲ್ಲ, ಭಾಷೆ ಯಾವ ಲೆಕ್ಕಕ್ಕೂ ಪೂರ್ತಿ ಸಿಕ್ಕುವುದಲ್ಲ.) ಇನ್ನೊಂದು ಮಾತು: ಇದು ಕಥೆಯ ಆನೆಯ ವಿಷಯ. ಕಾಡಿನ ಆನೆ ಘೀಳಿಡುವುದು ಎತ್ತರದ ದನಿಯಲ್ಲೇ. ನಾವು ಮಾಡುವುದು ಪ್ರಾಣಿಯ ಮಿಮಿಕ್ರಿಯಲ್ಲ, ಪಾತ್ರದ ಗಾತ್ರವನ್ನೂ ಸ್ವಭಾವವನ್ನೂ ಕಿವಿಗೆ ಕಾಣಿಸುವುದು.

ಈಗ ಎರಡನೆಯ ಪ್ರಶ್ನೆ, ಮಕ್ಕಳ ಮಾತು ಕೆಡುತ್ತದೆಯೇ ಎಂಬುದು. ಎಳೆ ಕೂಸನ್ನು ಎತ್ತಿಕೊಂಡ ಕೂಡಲೇ ಅಜ್ಜಿಯ ದನಿ ತಾನಾಗಿ ಮೇಲೇರುತ್ತದೆ, ಮಾತು ನಿಧಾನವಾಗುತ್ತದೆ, "ಏನೋ ಕಂದಾ... ಮಮ್ಮು ತಿಂದ್ಯಾ... ತಾಚಿ ಮಾಡ್ತೀಯಾ..." ಎಂದು ರಾಗ ಎಳೆಯುತ್ತದೆ. ಪಾವಗಡದ ಕಡೆ ಮನೆಮಾತು ತೆಲುಗು ಆಗಿರುವ ಮನೆಗಳಲ್ಲಿ ಮಮ್ಮು ಹೋಗಿ ಬುವ್ವ ಆಗುತ್ತದೆ, ರಾಗ ಮಾತ್ರ ಅದೇ. ಜಗತ್ತಿನ ಎಷ್ಟೋ ಭಾಷೆಗಳಲ್ಲಿ ಹೀಗಿದೆ. ನಾಲ್ಕು ತಿಂಗಳ ಕೂಸುಗಳು ದೊಡ್ಡವರ ಮಾಮೂಲಿ ಮಾತಿಗಿಂತ ಈ ರಾಗದ ಮಾತನ್ನೇ ಹೆಚ್ಚು ಕೇಳಬಯಸುತ್ತವೆ ಎಂದು ಆ್ಯನ್ ಫರ್ನಾಲ್ಡ್ 1985ರಲ್ಲಿ ತೋರಿಸಿದರು. ಮಗು ಯಾವ ಕಡೆಗೆ ತಲೆ ತಿರುಗಿಸುತ್ತದೆ ಎಂಬುದೇ ಅವರ ಅಳತೆಗೋಲು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 67 ಪ್ರಯೋಗಾಲಯಗಳು ಸೇರಿ ಎರಡು ಸಾವಿರಕ್ಕೂ ಹೆಚ್ಚು ಕೂಸುಗಳ ಮೇಲೆ ಪರೀಕ್ಷಿಸಿದಾಗಲೂ ಅದೇ ಒಲವು ಕಂಡಿತು. 1997ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕ, ರಷ್ಯ, ಸ್ವೀಡನ್‌ಗಳ ತಾಯಂದಿರ ಮಾತನ್ನು ಅಳೆದರು. ಕೂಸಿನೊಡನೆ ಮಾತಾಡುವಾಗ ತಾಯಂದಿರು 'ಆ', 'ಈ', 'ಊ' ಸ್ವರಗಳನ್ನು ಒಂದರಿಂದೊಂದು ಇನ್ನಷ್ಟು ದೂರ ಎಳೆದು, ಬೇರೆ ಬೇರೆಯಾಗಿ ಕೇಳಿಸುವಂತೆ ಹೇಳುತ್ತಿದ್ದರು.

ಅಂದರೆ ಅಜ್ಜಿ ದನಿ ಬದಲಾಯಿಸುತ್ತಾಳೆ, ಅಕ್ಷರ ಬಿಡಿಸಿ ಹೇಳುತ್ತಾಳೆ. ಗೆರೆ ಎಳೆಯಬೇಕಾದ್ದು ಇಲ್ಲೇ. ರಾಗ, ಶ್ರುತಿ, ವೇಗ, ಮೂಗು ಎಲ್ಲವನ್ನೂ ಬೇಕಾದಂತೆ ಬದಲಾಯಿಸಿ, ಅಕ್ಷರವನ್ನು ಮುಕ್ಕು ಮಾಡಬೇಡಿ. 'ರಾಜ'ನನ್ನು 'ಲಾಜ' ಮಾಡಿ, 'ಶಾಲೆ'ಯನ್ನು 'ಚಾಲೆ' ಮಾಡಿ ತೊದಲುವುದು ಮುದ್ದೆನಿಸಬಹುದು. ಆದರೆ ಹೊಸ ಪದವೊಂದನ್ನು ಮೊದಲ ಸಲ ಕೇಳುತ್ತಿರುವ ಮಗುವಿಗೆ ಆ ಪದದ ಸರಿಯಾದ ರೂಪ ಸಿಗುವುದೇ ಇಲ್ಲ. ಪಾತ್ರ ಎಷ್ಟೇ ವಿಚಿತ್ರವಾಗಿರಲಿ, ಕಣ್ಣು ಮುಚ್ಚಿ ಕೇಳಿದರೂ ಪ್ರತಿ ಪದ ತಿಳಿಯಬೇಕು ಎಂಬುದನ್ನು ನಾನು ಬಿಗಿಯಾಗಿ ಹಿಡಿದಿದ್ದೇನೆ. ಗೊಗ್ಗರು ಕಾಗೆಯೂ 'ಬಾಗ್ಲು' ಎಂಬುದನ್ನು ಚೊಕ್ಕವಾಗಿಯೇ ಹೇಳುತ್ತದೆ.

ಹೆದರಿಕೆಯ ವಿಷಯಕ್ಕೆ ಇನ್ನೂ ಎಚ್ಚರ ಬೇಕು. 1969ರಲ್ಲಿ ರೀಟಾ ಡಿವ್ರೀಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಮೇನಾರ್ಡ್ ಎಂಬ ಸಾಧು ಬೆಕ್ಕಿಗೆ ಉಗ್ರ ನಾಯಿಯ ಮುಖವಾಡ ತೊಡಿಸಿ ಮೂರರಿಂದ ಆರು ವರ್ಷದ ಮಕ್ಕಳಿಗೆ ತೋರಿಸಿದರು. ಬೆಕ್ಕಿನ ಹಿಂಭಾಗ ಮಕ್ಕಳ ಕಣ್ಣೆದುರೇ ಇತ್ತು. ಆದರೂ ಮೂರು ವರ್ಷದವರಲ್ಲಿ ಬಹಳ ಮಕ್ಕಳು ಅದು ಈಗ ನಾಯಿಯೇ ಆಗಿದೆ ಎಂದರು. ಆರು ವರ್ಷದವರು ಮುಖವಾಡ ಹಾಕಿದರೆ ಬೆಕ್ಕು ನಾಯಿಯಾಗದು ಎಂದು ತಿಳಿದಿದ್ದರು. ಅಂಗನವಾಡಿಗೆ ಬರುವುದೂ ಸರಿಯಾಗಿ ಈ ಮೂರರಿಂದ ಆರರ ಮಕ್ಕಳೇ, ಒಂದೇ ಚಾಪೆಯ ಮೇಲೆ. ನಾನು ಗರ್ಜಿಸಿದಾಗ ಹಿಂದಿನ ಸಾಲಿನ ದೊಡ್ಡ ಮಕ್ಕಳಿಗೆ ಅದು ಆಟ, ಮುಂದಿನ ಸಾಲಿನ ಚಿಕ್ಕವರಿಗೆ ಕಥೆ ಅಕ್ಕ ಹೋಗಿ ಇನ್ನೇನೋ ಬಂದು ಕೂತಂತೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಇಲ್ಲಿನ ಗುಡ್ಡಗಾಡಿನ ಅಂಚಿನ ಊರುಗಳಲ್ಲಿ ಚಿರತೆ, ಕರಡಿ ಎಂದರೆ ಬರೀ ಕಥೆಯ ಪ್ರಾಣಿಗಳಲ್ಲ. ತೋಟಕ್ಕೆ ಹೋದ ಅಪ್ಪ ಹೊತ್ತಿಗೆ ಬರದಿದ್ದರೆ ಮನೆಯವರು ಅದನ್ನೇ ನೆನೆದು ದಿಗಿಲುಪಡುತ್ತಾರೆ. ಅಂಥ ಒಂದು ಊರಲ್ಲಿ ಚಿರತೆಯ ದನಿ ತೆಗೆದಾಗ ಇಡೀ ಕೋಣೆ ತಣ್ಣಗಾಯಿತು. ಮೆಚ್ಚಿ ಸುಮ್ಮನಾದದ್ದಲ್ಲ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಒಬ್ಬ ಹುಡುಗ ಆಯಾಳ ಸೆರಗು ಹಿಡಿದುಕೊಂಡಿದ್ದ. ಅಲ್ಲೇ ಚಿರತೆಗೆ ನೆಗಡಿ ಬರಿಸಿದೆ. ಅಂಗುಳನ್ನು ಇಳಿಬಿಟ್ಟು ಮೂಗಿನಲ್ಲಿ, "ಯಾರಾದ್ರೂ ನಂಗೊಂದು ಕರ್ಚೀಪು ಕೊಡ್ರಪ್ಪಾ" ಎಂದಿತು ಚಿರತೆ. ಸೆರಗು ಹಿಡಿದಿದ್ದ ಹುಡುಗ ಮೊದಲು ಕಣ್ಣರಳಿಸಿದ, ಆಮೇಲೆ ಜೇಬಿನಿಂದ ತನ್ನ ಕರ್ಚೀಪು ತೆಗೆದು ಚಾಚಿದ. ಅಂದಿನಿಂದ ಚಿಕ್ಕವರ ಮುಂದೆ ಭಾರೀ ದನಿ ತೆಗೆಯುವ ಮುಂಚೆ ಒಂದು ಸಲ ತೋರಿಸಿಕೊಂಡೇ ಬದಲಾಗುತ್ತೇನೆ. "ಈಗ ಅಕ್ಕ ಕರಡಿ ಆಗ್ತಾಳೆ ನೋಡಿ" ಎಂದು ಆಕಳಿಸಿ ಕರಡಿಯಾಗುವುದು, "ಈಗ ಮತ್ತೆ ಅಕ್ಕ" ಎಂದು ನಗುವುದು. ಮಕ್ಕಳಿಗೂ ಆಕಳಿಸಲು ಹೇಳುತ್ತೇನೆ. ತನ್ನ ಬಾಯಿಂದಲೇ ಕರಡಿ ಹೊರಟ ಮೇಲೆ ಮಗುವಿಗೆ ಅದರ ಭಯ ಅರ್ಧ ಇಳಿದಿರುತ್ತದೆ.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಶುರುವಿನ ವರ್ಷಗಳಲ್ಲಿ ನನ್ನ ಆಮೆ ತೊದಲುತ್ತಿತ್ತು. "ನಾ... ನಾ... ನಾನೂ ಬ... ಬರ್ತೀನಿ" ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ನಾನೂ ಅದನ್ನು ಬೆಳೆಸುತ್ತ ಹೋದೆ. ಒಂದು ಶಿಬಿರ ಮುಗಿದ ಮೇಲೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದು, ಸಿಟ್ಟಿಲ್ಲದ ದನಿಯಲ್ಲಿ, "ಇವ್ನೂ ಹಂಗೇ ಮಾತಾಡೋದವ್ವಾ. ನಿನ್ನೆಯಿಂದ ಬಾಯೇ ಬಿಟ್ಟಿಲ್ಲ" ಎಂದರು. ಹುಡುಗನಿಗೆ ಐದು ವರ್ಷ ಇರಬೇಕು. ನನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಅವತ್ತು ಆ ಅಜ್ಜಿಗೆ ಏನು ಹೇಳಿದೆನೋ ನೆನಪಿಲ್ಲ, ಅವನ ತಗ್ಗಿದ ತಲೆ ಇವತ್ತಿಗೂ ಕಣ್ಣ ಮುಂದಿದೆ.

ಉಗ್ಗು, ತೊದಲು, ಮುದುಕರ ನಡುಗು ದನಿ, ಯಾವುದೋ ಊರಿನ ಅಥವಾ ಜಾತಿಯ ಮಾತಿನ ಧಾಟಿ, ಇವೆಲ್ಲ ನಿಜವಾದ ಮನುಷ್ಯರ ದನಿಗಳು. ಅವನ್ನು ನಗುವಿನ ದನಿ ಮಾಡಿದರೆ, ಹಾಗೆ ಮಾತಾಡುವವರನ್ನು ಕಂಡು ನಗಬಹುದು ಎಂದು ಮೂರು ವರ್ಷದ ಮಗುವಿಗೆ ಕಲಿಸಿದಂತೆ. ನಮ್ಮ ಹಳೆಯ ಹಾಸ್ಯದಲ್ಲಿ ಇದು ಧಾರಾಳವಾಗಿತ್ತು ಎಂದು ಕೆಲವರು ವಾದಿಸುತ್ತಾರೆ, ಇತ್ತು ನಿಜ. ಆದರೆ ಯಾವ ಮನುಷ್ಯನದೂ ಅಲ್ಲದ ದನಿಗಳು ಎಷ್ಟು ಬೇಕಾದರೂ ಸಿಗುವಾಗ ಒಬ್ಬ ಮಗುವಿನ ಬಾಯಿ ಕಟ್ಟುವ ದನಿ ನಮಗೆ ಯಾಕೆ ಬೇಕು? ಈಗ ನನ್ನ ಆಮೆ ತೊದಲುವುದಿಲ್ಲ, ಒಂದೊಂದು ಪದದ ನಡುವೆ ಒಂದೊಂದು ಉಸಿರು ಎಳೆದುಕೊಳ್ಳುತ್ತದೆ. ನಗು ಅಷ್ಟೇ ಬರುತ್ತದೆ.

ಗಂಟಲಿನ ಆರೈಕೆಯ ಬಗ್ಗೆ ನಾಲ್ಕು ಮಾತು, ಅಂಗನವಾಡಿ ಟೀಚರ್‌ಗಳಿಗೆ ಮುಖ್ಯವಾಗಿ. ಒಂದು ಏಪ್ರಿಲ್‌ನಲ್ಲಿ ದಿನಕ್ಕೆ ನಾಲ್ಕು ಕಡೆಯಂತೆ ಒಂದು ವಾರ ಕಥೆ ಹೇಳಿ ನನ್ನ ದನಿ ಪೂರ್ತಿ ಕಟ್ಟಿಹೋಗಿತ್ತು. ಪಿಸುಗುಟ್ಟಿಕೊಂಡೇ ಕೆಲಸ ಸಾಗಿಸಿದೆ. ಗಂಟಲ ಡಾಕ್ಟರು ಮೊದಲು ನಿಲ್ಲಿಸಿದ್ದು ಆ ಪಿಸುಮಾತನ್ನೇ. ಒತ್ತಿ ಪಿಸುಗುಟ್ಟುವುದು ಗಂಟಲಿಗೆ ವಿಶ್ರಾಂತಿಯಲ್ಲ, ಇನ್ನೊಂದು ಬಗೆಯ ಹಿಂಸೆ. ಸುಮ್ಮನಿರುವುದೇ ವಿಶ್ರಾಂತಿ. ಕಥೆಗೆ ಮುಂಚೆ ಮಕ್ಕಳು ಬಸ್ ಆಟ ಆಡುವಾಗ ಮಾಡುವಂತೆ ತುಟಿ ನಡುಗಿಸಿ 'ಬ್ರ್ರ್ರ್' ಎನ್ನುವುದು, ಲೋಟದ ನೀರಿಗೆ ಸ್ಟ್ರಾ ಹಾಕಿ ದನಿ ಹೊರಡಿಸುತ್ತ ಗುಳುಗುಳು ಊದುವುದು, ಇವು ಧ್ವನಿತಂತುಗಳನ್ನು ಮೆಲ್ಲಗೆ ಹದ ಮಾಡುತ್ತವೆ. ನೀರು ಕುಡಿಯುತ್ತಿರಿ. ಗೊಗ್ಗರು ಕಾಗೆ ಎರಡು ಸಾಲಿಗಿಂತ ಹೆಚ್ಚು ಒಮ್ಮೆಲೇ ಮಾತಾಡದಿರಲಿ. ಮೂರು ವಾರವಾದರೂ ದನಿ ಒಡಕಲಾಗಿಯೇ ಇದ್ದರೆ ಕಷಾಯ ನೆಚ್ಚಿಕೊಂಡು ಕೂರದೆ ಕಿವಿ ಮೂಗು ಗಂಟಲ ತಜ್ಞರಿಗೆ ತೋರಿಸಿ.

ಎಷ್ಟು ದನಿ ಬೇಕು ಎಂದರೆ, ಎರಡು. ಹೆಚ್ಚೆಂದರೆ ಮೂರು. ಕಥೆ ಸಾಗಿಸುವುದು ನಿಮ್ಮ ಸ್ವಂತ ದನಿಯಲ್ಲೇ ಇರಲಿ, ಮಗು ಪ್ರತಿ ಸಲ ಮರಳಿ ಬರುವ ಅಂಗಳ ಅದು. ಪಾತ್ರದ ದನಿಯನ್ನು ಒಮ್ಮೆ ಕೊಟ್ಟ ಮೇಲೆ ಬದಲಾಯಿಸುವಂತಿಲ್ಲ. ನಾವು ಮರೆತರೂ ಅವರು ಮರೆಯುವುದಿಲ್ಲ. ಒಂದು ಸಲ ಅವಸರದಲ್ಲಿ ಕಾಗೆಯ ಮಾತನ್ನು ಗುಬ್ಬಿಯ ದನಿಯಲ್ಲಿ ಹೇಳಿಬಿಟ್ಟಾಗ ಒಟ್ಟಿಗೆ ಐದಾರು ಗಂಟಲುಗಳು, "ಅಕ್ಕಾ, ಅದು ಕಾಗಕ್ಕ ಅಲ್ಲಾ!" ಎಂದು ಕೂಗಿದವು. ಕಥೆ ಎಲ್ಲಿಗೆ ಬಂದಿದೆ, ಯಾರು ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬ ಪೂರ್ತಿ ನಕ್ಷೆ ಅವರ ತಲೆಯಲ್ಲಿತ್ತು.

ಅಡಕೆ ಸುಲಿಯುವ ಕೆಲಸದ ಒಬ್ಬ ಅಪ್ಪ ಮಗಳನ್ನು ಕರೆದೊಯ್ಯಲು ಬಂದವರು ಕಥೆ ಮುಗಿಯುವವರೆಗೂ ಹೊಸಿಲ ಬಳಿ ನಿಂತು ಕೇಳಿದ್ದರು. "ರಾತ್ರಿ ಕಥೆ ಹೇಳು ಅಂತಾಳೆ ಮೇಡಂ, ನನ್ ಬಾಯಿಗೆ ಒಂದೇ ದನಿ ಬರೋದು" ಎಂದರು. ಆಕಳಿಕೆಯ ಕರಡಿಯನ್ನು ಅಲ್ಲೇ ಹೇಳಿಕೊಟ್ಟೆ. ನಾಚಿಕೊಂಡು ಒಂದೇ ಸಲ ಪ್ರಯತ್ನಿಸಿ, ಮಗಳನ್ನು ಹೆಗಲಿಗೇರಿಸಿಕೊಂಡು ಹೊರಟುಬಿಟ್ಟರು. ಮುಂದಿನ ವಾರ ಹೋದಾಗ ಅವಳು ಓಡಿ ಬಂದು ನನ್ನ ಕೈ ಎಳೆದಳು. "ಅಕ್ಕಾ, ನಿನ್ ಕರಡಿ ಸರಿ ಇಲ್ಲ. ನಮ್ಮಪ್ಪನ್ ಕರಡಿ ಹಿಂಗೆ" ಎಂದು ಬಾಯಿ ಅಗಲ ತೆರೆದು, ತುಟಿ ಚಾಚಿ, ಎಷ್ಟು ಸಾಧ್ಯವೋ ಅಷ್ಟು ದಪ್ಪಗೆ, ತನ್ನ ಪುಟ್ಟ ಗಂಟಲಲ್ಲಿ ಕೇಳಿದಳು: "ಯಾರದೂ..."